ಕಟ್ಟಾ ಮಾಲಿನ ಡೀಸೆಲ್

ಡೀಸೆಲ್ ಮಾಡಲು ಹೋಗಿ ಯಾರಾದರೂ ಸಾಬೂನು ಮಾಡುತ್ತಾರಾ? ನಾನು ಮಾಡಿದೆ. ಅದೂ ಒಂದು ಡ್ರಮ್ ತುಂಬ!

ಹೈದರಾಬಾದಿನ ನಾರಾಯಣಗೂಡದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಕೆಲಸ ಬಿಟ್ಟು, ಬಾಡಿಗೆ ಶೆಡ್ಡಿನಲ್ಲಿ ಬಯೋಡೀಸೆಲ್ ಮಾಡಲು ಕೂತವನು ನಾನು. (ಮನೆಯವಳು ಇನ್ನೂ ಕ್ಷಮಿಸಿಲ್ಲ.) ಬೇಗಂಪೇಟೆಯಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಆಫೀಸು ಏಳುತ್ತಿದೆ. ಕರೆಂಟ್ ಹೋದರೆ ಎಲ್ಲರಿಗೂ ಜನರೇಟರ್ ಬೇಕು. ಅಂಥ ಒಂದು ಬಿಲ್ಡಿಂಗಿನ ಮ್ಯಾನೇಜರು ಸೋಮವಾರ ನನ್ನ ಡೀಸೆಲ್ ಹಾಕಿ ನೋಡಲು ಒಪ್ಪಿದ್ದರು. ಕೆಟ್ಟರೆ ಮತ್ತೆ ಬರಬೇಡಿ ಎಂದೂ ಹೇಳಿದ್ದರು. ಅಲ್ಲಿ ಸೋತರೆ ಶೆಡ್ಡಿಗೆ ಬೀಗವೇ.

ಪಾಮ್ ಎಣ್ಣೆ ಶುದ್ಧ ಮಾಡುವಾಗ ಉಳಿಯುವ ಮೇಣದಂಥ ಗಸಿಯೇ ನನ್ನ ಬಂಡವಾಳ. ಅದನ್ನು ಮಾರಿದವನು "ಖಟ್ಟಾ ಮಾಲ್ ಹೈ ಸಾಬ್" ಎಂದಿದ್ದ. ನನ್ನ ಕಿವಿಗೆ ಬಿದ್ದದ್ದು 'ಕಟ್ಟಾ'. ಕಟ್ಟಾ ಅಭಿಮಾನಿ ಅನ್ನುತ್ತೇವಲ್ಲ, ಆ ಕಟ್ಟಾ! (ಇಷ್ಟು ವರ್ಷ ಹೈದರಾಬಾದಿನಲ್ಲಿದ್ದೂ ನನ್ನ ಹಿಂದಿ ಅಷ್ಟಕ್ಕಷ್ಟೇ.) ಅಪ್ಪಟ ಮಾಲು ಎಂದು ಹಿಗ್ಗಿ, ಟೆಸ್ಟ್ ಕೂಡ ಮಾಡದೆ, ಮೆಥನಾಲ್ ಜೊತೆ ನೇರ ಕಾಸ್ಟಿಕ್ ಸೋಡಾ ಸುರಿದೆ. ಶನಿವಾರ ಬೆಳಿಗ್ಗೆ ನೋಡಿದರೆ ಡ್ರಮ್ಮಿನಲ್ಲಿ ಬಿಳಿ ಮುದ್ದೆ.

"ಕಟ್ಟಾ ಮಾಲು ಅಂದಿದ್ದ, ಡೀಸೆಲ್ ಯಾಕ ಆಗಲಿಲ್ಲ?" ಎಂದು ಗೋಳಾಡಿದೆ. ಸೇಡಂ ಕಡೆಯ ಶಂಕ್ರಮ್ಮ ಹೋದ ವಾರವಷ್ಟೇ ನನ್ನ ಶೆಡ್ಡಿಗೆ ಕೆಲಸಕ್ಕೆ ಸೇರಿದವರು. ಹಿಂದೆ ಎಣ್ಣೆ ಮಿಲ್ಲಿನಲ್ಲಿದ್ದವರು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಕಟ್ಟಾ ಅಲ್ರಿ ಸರ, ಖಟ್ಟಾ! ಹುಳಿ ಮಾಲ್ರಿ ಇದು. ನಮ್ಮ ಮಿಲ್ಲಿಂದ ಸಾಬೂನ್ ಮಾಡೋರು ಒಯ್ತಿದ್ರು."

ಹುಳಿ! ಅಂದರೆ ಆಸಿಡ್. ಅದಕ್ಕೆ ಕಾಸ್ಟಿಕ್ ಸೇರಿದರೆ ಸಾಬೂನಲ್ಲದೆ ಇನ್ನೇನು? ವರ್ಷಗಟ್ಟಲೆ ಬೋರ್ಡಿನ ಮೇಲೆ ನಾನೇ ಬರೆದ ಪಾಠ!

ಇನ್ನೊಂದು ಡ್ರಮ್ ಮಾಲು ಉಳಿದಿತ್ತು. ಈ ಸಲ ಮೊದಲು ಮೆಥನಾಲ್ ಜೊತೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಕಾಯಿಸಿ, ಹುಳಿಯ ಬಹುಪಾಲು ಮೆಥನಾಲ್ ಜೊತೆ ಕೂಡಿ ಡೀಸೆಲ್ ಆದ ಮೇಲಷ್ಟೇ ಚೂರು ಕಾಸ್ಟಿಕ್ ಹಾಕಿದೆವು. ತೊಳೆದು, ಸೋಸಿ, ಸೋಮವಾರ ಒಯ್ದೆವು. ಜನರೇಟರ್ ಎರಡು ಸಲ ಕೆಮ್ಮಿತು. ಆಮೇಲೆ ಸಂಜೆವರೆಗೂ ನಿಲ್ಲದೆ ಓಡಿತು! ಮುಂದಿನ ವಾರವೂ ತನ್ನಿ ಎಂದರು ಮ್ಯಾನೇಜರು.

ಶಂಕ್ರಮ್ಮನಿಗೆ ಕೈ ಮುಗಿದೆ. ಶೆಡ್ಡು ಉಳಿದದ್ದು ಅವರಿಂದ. ಅದನ್ನು ಇಲ್ಲಿ ಬರೆಯದಿದ್ದರೆ ನನ್ನಂಥ ಕೃತಘ್ನ ಇನ್ನೊಬ್ಬನಿಲ್ಲ. ಆದರೂ ಕೇಳಿದೆ, "ಅಲ್ರೀ, ನಾ ಕಾಸ್ಟಿಕ್ ಸುರುವೋ ಮುಂದ ನೀವು ಅಲ್ಲೇ ಇದ್ರಿ. ಯಾಕ ಹೇಳಲಿಲ್ಲ?"

"ಸಾಬೂನೇ ಮಾಡಾಕತ್ತೀರಿ ಅನ್ಕೊಂಡಿದ್ನಿರಿ ಸರ. ಭಾಳ ಛಲೋ ಬಂದಿತ್ತು!"

ಪಕ್ಕದಲ್ಲಿ ನಿಂತು ದುಡಿಯುವವರಿಗೆ ನಾವು ಮಾಡುತ್ತಿರುವುದು ಏನು ಎಂದು ಒಂದು ಮಾತು ಹೇಳಲು ನನಗೆ ಇನ್ನೆಷ್ಟು ಡಿಗ್ರಿ ಬೇಕಿತ್ತು?