ಗುಂಪು ಕಟ್ಟದೆ ಬಿಸಿಲೆಗೆ

ಭಾನುವಾರ ಬೆಳಿಗ್ಗೆ ಹಾಸನ ಬಿಡುವಾಗ ನಾನು ಮತ್ತು ನನ್ನ ತಮ್ಮ ಚೇತನ್, ಅಕ್ಕ ತಮ್ಮ ಇಬ್ಬರೇ ಇದ್ದೆವು. ಮಳೆಗಾಲ ಮುಗಿಯುತ್ತಲೇ ಆರು ಜನ ಗೆಳೆಯರು ಆರು ಬೈಕುಗಳಲ್ಲಿ ಬಿಸಿಲೆ ಘಾಟಿಗೆ ಹೋಗಿಬರುವುದು ನಮ್ಮ ರೂಢಿ. ಹೊರಡುವ ಹೊತ್ತಿಗೆ ನಮ್ಮ ಬೀದಿಯೆಲ್ಲ ಎದ್ದು ಕೂರುವಷ್ಟು ಗದ್ದಲ ಇರುತ್ತಿತ್ತು. ಈ ಸಲ ಸದ್ದು ಕೇಳಿ ಯಾರಾದರೂ ಎಣಿಸಿಯಾರೆಂದು ತಿರುವಿನ ತನಕ ಬೈಕುಗಳನ್ನು ತಳ್ಳಿಕೊಂಡೇ ಬಂದೆವು. ಸ್ವಂತ ಬೈಕನ್ನು ಕದ್ದವರ ಹಾಗೆ ತಳ್ಳುವುದು ನಗೆ ಬರಿಸುವ ಕೆಲಸ. ನನಗೆ ನಗು ಬರಲಿಲ್ಲ.

ಹಿಂದಿನ ಸಂಜೆ ಎಲ್ಲರ ಫೋನಿಗೂ ಜಿಲ್ಲಾಡಳಿತದ ಒಂದು ಆದೇಶ ಬಂದಿತ್ತು. ಸಕಲೇಶಪುರದ ಗುಡ್ಡಗಳಲ್ಲಿ ಬೈಕ್ ಸವಾರರು ಐದು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಸೇರುವಂತಿಲ್ಲ. ಸೇರಿದರೆ ಸಾರ್ವಜನಿಕ ನೆಮ್ಮದಿ ಕೆಡಿಸಿದ ಪ್ರಕರಣ. ನನ್ನದು ಹಾಸನದಲ್ಲಿ ಒಂದು ಟೈಲರಿಂಗ್ ಅಂಗಡಿ. ನನ್ನ ಮೇಲೆ ಕೇಸು ಬಿದ್ದರೂ ರವಿಕೆ ಹೊಲಿಸುವವರು ಬಂದೇ ಬರುತ್ತಾರೆ. ಚೇತನನ ವಿಷಯ ಹಾಗಲ್ಲ. ನಾಲ್ಕು ಸಲ ಪರೀಕ್ಷೆ ಬರೆದು ಈಗ ತಾನೆ ಅಗ್ನಿಶಾಮಕ ದಳಕ್ಕೆ ಆಯ್ಕೆಯಾಗಿದ್ದಾನೆ. ಪೊಲೀಸ್ ಪರಿಶೀಲನೆಯೊಂದು ಬಾಕಿ. ಅಷ್ಟರೊಳಗೆ ಅವನ ಹೆಸರು ಯಾವ ಠಾಣೆಯಲ್ಲಿ ಸೇರಿಕೊಂಡರೂ ಕೆಲಸ ಕೈತಪ್ಪಿದ ಹಾಗೇ. ಬೇಡವೆಂದು ರಾತ್ರಿಯೆಲ್ಲ ಹೇಳಿದೆ. ಅವನು ಕೇಳಲಿಲ್ಲ. ಒಬ್ಬನನ್ನೇ ಬಿಡಲಾರದೆ ನಾನೂ ಹೊರಟೆ.

ಉಪಾಯ ಹೂಡಿದವರು ಸಕಲೇಶಪುರದಲ್ಲಿ ಮೆಣಸಿನ ವ್ಯಾಪಾರ ಮಾಡುವ ಅಶ್ರಫ್ ಭಾಯ್. ಕಾನೂನು ಮುರಿಯುವುದೂ ಬೇಡ, ಬಿಸಿಲೆ ತಪ್ಪಿಸುವುದೂ ಬೇಡ, ಮೂರು ಮೂರು ಜನ ಹೋಗೋಣ ಎಂದರು. ಮುಂದಿನ ಮೂವರಲ್ಲಿ ನಾವಿಬ್ಬರು ಮತ್ತು ಅವರು. ಹಿಂದಿನ ಮೂವರಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಪುಟ್ಟಸ್ವಾಮಿ ಮತ್ತು ಆಲೂರಿನ ಅಣ್ಣತಮ್ಮಂದಿರಾದ ಲೋಕೇಶ, ದಿನೇಶ. ದಾರಿಯಲ್ಲಿ ಎದುರಾದರೂ ಮಾತಾಡಿಸಕೂಡದು, ಒಬ್ಬರಿಗಾಗಿ ಒಬ್ಬರು ನಿಲ್ಲಕೂಡದು. ಈ ಕೊನೆಯ ಮಾತು ನಮ್ಮ ಹಳೆಯ ಕಟ್ಟಳೆಗೆ ತದ್ವಿರುದ್ಧ. ಹಿಂದಿನವರ ದೀಪ ಕನ್ನಡಿಯಲ್ಲಿ ಕಾಣದೇ ಹೋದರೆ ಮುಂದಿನವರು ಕಡ್ಡಾಯವಾಗಿ ನಿಲ್ಲಬೇಕು ಎಂಬುದೊಂದೇ ನಮ್ಮ ಗುಂಪಿಗಿದ್ದ ನಿಯಮ. ಅದನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟೆವು.

ಆಲೂರು ಹಾಸನದಿಂದ ಹತ್ತಿರವೇ. ಬಸ್ ನಿಲ್ದಾಣದ ಎದುರಿಗೆ ಲೋಕೇಶ, ದಿನೇಶ ಬೈಕಿಗೆ ಒರಗಿ ಪುಟ್ಟಸ್ವಾಮಿಯವರ ದಾರಿ ಕಾಯುತ್ತಿದ್ದರು. ಹತ್ತು ವರ್ಷದ ಗೆಳೆಯರು. ಕೈಯನ್ನೂ ಎತ್ತದೆ ಮುಂದೆ ಹೋದೆವು. ದಿನೇಶ ಆಕಾಶ ನೋಡುತ್ತಾ ನಿಂತಿದ್ದ. ಅಲ್ಲಿಂದ ಮುಂದೆ ಮಂಜು ಇಳಿದಿತ್ತು, ಲಾರಿಗಳು ದೀಪ ಹಾಕಿಕೊಂಡು ಬರುತ್ತಿದ್ದವು. ಖಾಕಿ ಬಣ್ಣದ ಏನು ಕಂಡರೂ ನಾನು ಬ್ರೇಕ್ ಹಿಡಿಯುತ್ತಿದ್ದೆ. ಅದರಲ್ಲಿ ಎರಡು ಸಲ ಕಂಡದ್ದು ಬಸ್ ಕಂಡಕ್ಟರು.

ಸಕಲೇಶಪುರದಲ್ಲಿ ಅಶ್ರಫ್ ಭಾಯ್ ಸೇರಿಕೊಂಡರು. ಬಿಸಿಲೆಗೆ ಹೋಗುವವರು ಆನೇಮಹಲ್‌ಗೆ ಹೋಗಬೇಕಾಗಿಲ್ಲ, ಅದು ಮಂಗಳೂರಿನ ದಾರಿ. ಆದರೆ ಅಲ್ಲಿ ರಸ್ತೆ ಬದಿಯ ಒಂದು ಹೋಟೆಲಿನ ಕಡುಬು, ಕಾಯಿಚಟ್ನಿ ತಿನ್ನದೆ ನಮ್ಮ ಪ್ರವಾಸ ಶುರುವಾದದ್ದಿಲ್ಲ. ನಾವಿನ್ನೂ ತಿನ್ನುತ್ತಿರುವಾಗಲೇ ಹಿಂದಿನ ಮೂವರೂ ಬಂದುಬಿಟ್ಟರು. ಮಾತಿನ ಪ್ರಕಾರ ಆಚೆ ಮೂಲೆಯ ಮೇಜಿಗೆ ಹೋಗಿ, ನಮ್ಮ ಕಡೆ ಬೆನ್ನು ಹಾಕಿ ಕೂತರು. ಹೋಟೆಲಿನ ಅಮ್ಮ ಎರಡೂ ಮೇಜುಗಳನ್ನು ನೋಡಿ, ಕಡುಬು ಬಡಿಸುತ್ತಾ ಮೆಲ್ಲಗೆ ಕೇಳಿದರು: "ಯಾಕವ್ವಾ, ಜಗಳ ಆಡ್ಕಂಡಿದೀರ? ಒಂದೇ ಮೇಜಲ್ಲಿ ಕೂತ್ಕಂಡು ಗಲಾಟೆ ಮಾಡ್ತಿದ್ರಲ್ಲ."

ಏನೂ ಇಲ್ಲವೆಂದೆ. ಅಶ್ರಫ್ ಭಾಯ್ ಕಡುಬಿನಲ್ಲಿ ಮುಖ ಹುದುಗಿಸಿದರು. ಪುಟ್ಟಸ್ವಾಮಿ ಮಾತ್ರ ತಡೆಯಲಾರದೆ ಕೈ ತೊಳೆಯುವ ನೆಪದಲ್ಲಿ ನಮ್ಮ ಪಕ್ಕ ಹಾದು, ಚೇತನನ ಬೆನ್ನು ತಟ್ಟಿ ಹೋದರು. ಅವನಿಗೆ ಅರ್ಜಿ ತುಂಬಿಸಿದವರೂ, ಬೆಳಗಿನ ಜಾವ ಓಟಕ್ಕೆ ಕರೆದುಕೊಂಡು ಹೋದವರೂ ಅವರೇ. ಆಯ್ಕೆಯಾದ ಸುದ್ದಿ ಬಂದ ದಿನ ನಮಗಿಂತ ಮೊದಲು ಕಣ್ಣೀರು ಹಾಕಿದ್ದರು.

ಯಸಳೂರಿನ ಹತ್ತಿರ ಪೊಲೀಸ್ ಜೀಪು ಅಡ್ಡ ನಿಂತಿತ್ತು. ಸಬ್ ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು, ಮಾತು ಮರ್ಯಾದೆಯಿಂದಲೇ ಇತ್ತು. ಎಷ್ಟು ಜನ ಎಂದು ಕೇಳಿದರು. ಮೂರು ಎಂದೆ. ಸುಳ್ಳಲ್ಲ. ಮೂರೂ ಬೈಕುಗಳ ನಂಬರಿನ ಫೋಟೊ ತೆಗೆದುಕೊಂಡರು. ಹಿಂದಿನ ವಾರ ಬೇರೆ ಯಾರೋ ಮೂವತ್ತು ಜನ ಬಂದು, ಸೈಲೆನ್ಸರ್ ಕಿತ್ತ ಬೈಕುಗಳನ್ನು ರಸ್ತೆ ತುಂಬ ನಿಲ್ಲಿಸಿಕೊಂಡು ಕುಣಿದರಂತೆ. ಹೆರಿಗೆಗೆ ಹೊರಟಿದ್ದ ಜೀಪೊಂದು ಮುಂದೆ ಹೋಗಲಾಗದೆ ಸಿಕ್ಕಿಕೊಂಡಿತಂತೆ. ಜನರೇ ದೂರು ಕೊಟ್ಟರಂತೆ. ಪಕ್ಕದ ಎಸ್ಟೇಟಿನ ಕೆಲಸದ ಹೆಂಗಸೊಬ್ಬಳು ಬೇಲಿಯಾಚೆಯಿಂದಲೇ ದನಿಗೂಡಿಸಿದಳು: "ನಮ್ ಲೈನ್ ಮನೆಗಳಲ್ಲಿ ಕೂಸುಗಳು ಬೆಚ್ಚಿಬೀಳ್ತವೆ ಕಣ್ರೀ. ಆನೆ ಬಂದ್ರೂ ಇಷ್ಟು ಹೆದರಿಕೆ ಇಲ್ಲ." ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾವು ಆ ಮೂವತ್ತು ಜನ ಅಲ್ಲ ಎಂದು ಹೇಳಬೇಕೆನಿಸಿತು. ಹೆಲ್ಮೆಟ್ ಹಾಕಿಕೊಂಡ ಮೇಲೆ ನಾವೂ ಅವರೂ ನೋಡುವವರಿಗೆ ಒಂದೇ ಎಂದು ಸುಮ್ಮನಾದೆ.

"ನಿಮ್ಮ ಹಿಂದೆ ಇನ್ನೂ ಯಾರಾದ್ರೂ ಬರ್ತಿದಾರಾ?" ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಶ್ರಫ್ ಭಾಯ್ ಗೊತ್ತಿಲ್ಲ ಸಾರ್ ಎಂದುಬಿಟ್ಟರು. ಜೀಪಿನವರು ನಮ್ಮನ್ನು ಬಿಟ್ಟರು. ಕಾಡು ಶುರುವಾದ ಮೇಲೂ ಆ ಮಾತು ನನ್ನ ಕಿವಿಯಲ್ಲೇ ಇತ್ತು. ಆ ದಾರಿ ಎಷ್ಟು ಚೆಂದವೆಂದು ಹಿಂದೆಲ್ಲ ಎಷ್ಟೋ ಜನರಿಗೆ ಹೇಳಿದ್ದೇನೆ. ಈ ಸಲ ಮರ ಕಂಡದ್ದಿಲ್ಲ, ಹಳ್ಳ ಕಂಡದ್ದಿಲ್ಲ. ನಡುಮಧ್ಯಾಹ್ನವೇ ಮೋಡ ಕವಿದು, ತರಗೆಲೆ ತೊಯ್ದು, ರಸ್ತೆ ಜಾರುತ್ತಿತ್ತು. ಆನೆಗಳು ಈ ಕಡೆ ಇಳಿದಿವೆಯೆಂದು ಎದುರು ಬಂದ ಪಿಕಪ್ಪಿನವನು ಎಚ್ಚರಿಸಿ ಹೋದ.

ಬಿಸಿಲೆಯ ವ್ಯೂ ಪಾಯಿಂಟಿನಲ್ಲಿ ಮಂಜಿನ ಹೊರತು ಏನೂ ಇರಲಿಲ್ಲ. ಫೋನಿಗೆ ಸಿಗ್ನಲ್ಲೂ ಇಲ್ಲ. ನಾವು ಕಟ್ಟಿ ತಂದಿದ್ದ ರೊಟ್ಟಿ ಬಿಚ್ಚುವಾಗ ಲೋಕೇಶ, ದಿನೇಶ ಬಂದು, ಸುತ್ತ ಯಾರೂ ಇಲ್ಲವೆಂದು ಸ್ವಲ್ಪ ಆಚೆ ಕೂತು ಮಾತಾಡಿಸಿದರು. ಪುಟ್ಟಸ್ವಾಮಿ ಇರಲಿಲ್ಲ. ಅವರಿಬ್ಬರೂ ನಿರಾಳವಾಗಿಯೇ ಇದ್ದರು. ಯಸಳೂರು ದಾಟಿ ಬಹಳ ದೂರ ಬಂದ ಮೇಲೆ ಪುಟ್ಟಸ್ವಾಮಿ ಹಿಂದೆ ಕಾಣೆಯಾದರಂತೆ. ಎಲ್ಲರೂ ಇಲ್ಲಿ ಒಂದೆಡೆ ಸೇರಿದರೆ ಆರಾಗುತ್ತೇವೆಂದು ಬೇಕೆಂದೇ ಹಿಂದೆ ಉಳಿದಿರಬೇಕು, ನಾವು ಹೊರಟ ಮೇಲೆ ಬರುತ್ತಾರೆ ಎಂದರು. ನಾವೂ ಹೌದೆಂದೆವು. ಜಾಣ ಮನುಷ್ಯ ಎಂದು ಅಶ್ರಫ್ ಭಾಯ್ ಹೊಗಳಿದರು. ಬೇರೆ ಯಾವ ವರ್ಷವಾದರೂ ಒಬ್ಬರು ಕಾಣದಿದ್ದರೆ ಆ ಕ್ಷಣವೇ ಬೈಕು ತಿರುಗಿಸುತ್ತಿದ್ದೆವು. ಆ ದಿನ ಕೂತು ರೊಟ್ಟಿ ತಿಂದೆವು.

ಮೊದಲು ಎದ್ದವನು ಚೇತನ್. ಪುಟ್ಟಸ್ವಾಮಿಯವರ ಪಾಲಿನ ರೊಟ್ಟಿ ಹಾಗೇ ಉಳಿದದ್ದನ್ನು ನೋಡಿ, ಹಸಿವು ತಡೆಯುವವರಲ್ಲ ಅವರು ಎಂದ. ಅವನು ಹೊರಟ, ಹಿಂದೆಯೇ ನಾವೆಲ್ಲ. ಅಂತರ ಬಿಡುವುದನ್ನು ಎಲ್ಲರೂ ಮರೆತೆವು. ನಾಲ್ಕೈದು ಕಿಲೋಮೀಟರ್ ಹಿಂದಕ್ಕೆ ಬಂದಾಗ ಒಂದು ತಿರುವಿನಲ್ಲಿ ರಸ್ತೆಯಂಚಿನ ಜರಿಗಿಡ ಮುರಿದಿತ್ತು. ಕೆಳಗಿನ ಚರಂಡಿಯಲ್ಲಿ ಪುಟ್ಟಸ್ವಾಮಿ ಬಿದ್ದಿದ್ದರು. ಬೈಕು ಅವರ ಕಾಲಿನ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು, ಎಚ್ಚರ ಇತ್ತು. ಯಾಕೆ ಯಾರನ್ನೂ ಕೂಗಲಿಲ್ಲವೆಂದು ಅಳುತ್ತಾ ಕೇಳಿದೆ.

"ಒಂದ್ ಜೀಪ್ ಹೋಯ್ತು ಕಣಮ್ಮ," ಎಂದರು. "ಪೊಲೀಸ್ನೋರೇ ಏನೋ ಅಂತ ಸುಮ್ಕೆ ಮಲಗಿದ್ದೆ. ನನ್ನ ಹೆಸ್ರು ಕೇಳಿ, ಜೊತೇಲಿ ಯಾರ್ ಯಾರು ಅಂದ್ರೆ? ಹುಡ್ಗನ ಕೆಲ್ಸ."

ಕೆಸರಿನ ಚರಂಡಿಯಿಂದ ಆ ಭಾರದ ಬೈಕನ್ನು ಅಲುಗಾಡಿಸದೆ ಎತ್ತಬೇಕಿತ್ತು. ನಿಂತಿದ್ದವರು ಐದು ಜನ. ನಾನು ಆಗಲೂ ಎಣಿಸಿದೆ, ಅಷ್ಟು ಭಯ ನನ್ನನ್ನು ತಿಂದಿತ್ತು. ಒಬ್ಬ ಹೋದರೆ ನಾಲ್ಕಾಗುತ್ತೇವೆ. ಚೇತನನ ತೋಳು ಹಿಡಿದು, ನೀನು ಹೊರಡು, ಜೀಪು ಈ ದಾರಿಯಲ್ಲೇ ತಿರುಗುತ್ತಿದೆ, ನಾವು ನೋಡಿಕೊಳ್ಳುತ್ತೇವೆ ಎಂದೆ.

ಅವನು ತೋಳು ಬಿಡಿಸಿಕೊಂಡ. "ಇಂಥದ್ದಕ್ಕೇ ಅಲ್ವೇನಕ್ಕ ನನ್ನ ಆರಿಸಿರೋದು," ಎಂದು ಚರಂಡಿಗೆ ಇಳಿದ.

ಅವನು ಹೇಳಿದ ಹಾಗೆ ಹಿಡಿದು, ಅವನು ಹೇಳಿದಾಗ ಎತ್ತಿದೆವು. ಪುಟ್ಟಸ್ವಾಮಿಯವರ ಕಾಲನ್ನು ನನ್ನ ದುಪಟ್ಟಾದಿಂದ ಒಂದು ಕೋಲಿಗೆ ಕಟ್ಟಿದ. ರಸ್ತೆಗೆ ತಂದು ಮಲಗಿಸುವಾಗ ತಿರುವಿನಲ್ಲಿ ದೀಪ ಬಂತು. ಅದೇ ಜೀಪು. ಆರು ಬೈಕು, ಆರು ಜನ, ನಡುರಸ್ತೆ. ಸಬ್ ಇನ್ಸ್‌ಪೆಕ್ಟರ್ ಒಮ್ಮೆ ಎಲ್ಲರನ್ನೂ ನೋಡಿದರು. ಹಿಂದಿನ ಸೀಟು ತೆರವು ಮಾಡಿಸಿ, ಪುಟ್ಟಸ್ವಾಮಿಯವರ ತಲೆಯನ್ನು ತಾವೇ ಹಿಡಿದು ಒಳಗೆ ಮಲಗಿಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಹೆಸರುಗಳನ್ನು ಕೇಳಿದರು.

ಅಶ್ರಫ್ ಭಾಯ್ ನೆಲ ನೋಡಿದರು. ನಾನೂ ನೋಡಿದೆ. ಚೇತನ್ ಮುಂದೆ ಬಂದು ತನ್ನ ಹೆಸರು, ಅಪ್ಪನ ಹೆಸರು, ಮನೆಯ ವಿಳಾಸ ಎಲ್ಲವನ್ನೂ ನಿಧಾನವಾಗಿ ಬರೆಸಿದ. ಸಾಕ್ಷಿಗೆಂದು ಬರೆದುಕೊಂಡರೋ ಪ್ರಕರಣಕ್ಕೆಂದೋ ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಪುಟ್ಟಸ್ವಾಮಿಯವರ ಕಾಲು ಎರಡು ಕಡೆ ಮುರಿದಿತ್ತು. ಇನ್ನಷ್ಟು ಹೊತ್ತು ಕಳೆದಿದ್ದರೆ ಕಾಲು ಉಳಿಯುತ್ತಿರಲಿಲ್ಲವೆಂದು ಸಕಲೇಶಪುರದ ಆಸ್ಪತ್ರೆಯಲ್ಲಿ ಹೇಳಿದರು. ಅವರ ಮನೆಯವರು ಬಂದ ಮೇಲೆ ನಾವಿಬ್ಬರೂ ಹೊರಟೆವು. ಹಾಸನದ ತನಕ ಚೇತನ್ ಒಮ್ಮೆಯೂ ನಿಲ್ಲಲಿಲ್ಲ. ನಾನು ದಾರಿಯುದ್ದಕ್ಕೂ ಆ ಪೆನ್ನನ್ನೇ ನೆನೆಯುತ್ತಿದ್ದೆ.

ಮನೆಯಲ್ಲಿ ಅಮ್ಮ ಸಾರು ಬಿಸಿಗಿಟ್ಟು ಕಾಯುತ್ತಿದ್ದಳು. ಪ್ರತಿ ವರ್ಷವೂ ಅವಳಿಗೆ ಬಿಸಿಲೆಯ ಕಥೆ ಬೇಕು. ಯಾರು ಏನೆಂದರು, ಯಾರು ಎಷ್ಟು ತಿಂದರು ಎಲ್ಲವೂ ಬೇಕು. ತಟ್ಟೆ ಇಡುತ್ತಾ, ಯಾರ್ಯಾರು ಬಂದಿದ್ರೋ ಎಂದು ಕೇಳಿದಳು. ಪೊಲೀಸರ ಮುಂದೆ ಅಷ್ಟು ಸ್ಪಷ್ಟವಾಗಿ ಮಾತಾಡಿದ್ದ ನನ್ನ ತಮ್ಮ ಎದ್ದುಹೋಗಿ ಬೀದಿಬಾಗಿಲು ಹಾಕಿ ಬಂದ.

"ಯಾರೂ ಇಲ್ಲಮ್ಮ," ಎಂದ. "ನಾವಿಬ್ರೇ."