ಭಾವನ ಊರಿನ ಹಿಮ, ನನ್ನ ತಲೆಯ ಎಣ್ಣೆ

ಸಿಂಗಾಪುರದಲ್ಲಿ ಹವಾಮಾನ ಎರಡೇ ಬಗೆ: ಸೆಖೆ, ಮತ್ತು ಮಳೆ ಬಂದು ನಿಂತ ಮೇಲಿನ ಸೆಖೆ. ಹೀಗಾಗಿ ಹಿಮದ ವಿಷಯದಲ್ಲಿ ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಆ ಯುಗಾದಿಯ ತನಕ.

ಟೊರಾಂಟೊದಿಂದ ಅಕ್ಕ ಬಂದಿದ್ದಳು. ಆಂಗ್ ಮೋ ಕಿಯೋ ಬಡಾವಣೆಯ ನಮ್ಮ ಪುಟ್ಟ ಫ್ಲಾಟಿನಲ್ಲಿ ಒಂದು ತಿಂಗಳು ರಾಜ್ಯಭಾರ ನಡೆಸಿ, ಹಬ್ಬಕ್ಕೆ ಎರಡು ದಿನ ಇರುವಾಗ ಹೊರಟು ನಿಂತಳು. ಹಬ್ಬಕ್ಕೆ ಹೆಂಡತಿ ಮನೆಯಲ್ಲಿರಬೇಕೆಂದು ಭಾವ ಟಿಕೆಟ್ಟನ್ನು ಹಾಗೆ ತೆಗೆಸಿದ್ದರು. ನ್ಯಾಯವಾದ ಬೇಡಿಕೆಯೇ. ಆದರೆ ಯುಗಾದಿಯ ಬೆಳಿಗ್ಗೆ ತಮ್ಮನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಇಡುವ ಅಧಿಕಾರ ನಮ್ಮ ಮನೆಯಲ್ಲಿ ಅಕ್ಕನದು. ಮದುವೆಯಾಗಿ ಹೋದ ಮೇಲೆ ಅವಳ ಕೈಯೆಣ್ಣೆ ನನ್ನ ತಲೆಗೆ ಬಿದ್ದೇ ಇರಲಿಲ್ಲ. ಈ ಸಲವೂ ತಪ್ಪಿತಲ್ಲ ಎಂಬ ಸಂಕಟವನ್ನು ಮನೆಯ ಯಜಮಾನನಿಗೆ ತಕ್ಕ ಗಾಂಭೀರ್ಯದಿಂದ ನುಂಗಿಕೊಂಡೆ. ಭಾವನಿಗೆಂದು ನನ್ನ ಹೆಂಡತಿ ಮುಂಚಿತವಾಗಿ ಮಾಡಿದ್ದ ಒಬ್ಬಟ್ಟಿನ ಡಬ್ಬಿಯನ್ನು ಸೀರೆಗಳ ನಡುವೆ ಹೂತಿಟ್ಟು, ಸೂಟ್‌ಕೇಸಿಗೆ ಹಗ್ಗ ಬಿಗಿದೆ.

ಟ್ಯಾಕ್ಸಿ ಬುಕ್ ಮಾಡುವ ಹೊತ್ತಿಗೆ ಭಾವನ ಫೋನ್ ಬಂತು. ಚಳಿಗಾಲ ಮುಗಿಯಿತೆಂದು ಬೂಟುಗಳನ್ನೆಲ್ಲ ಕಟ್ಟಿಟ್ಟುಬಿಟ್ಟಿದ್ದರಂತೆ. ಈಗ ಮೊಣಕಾಲುದ್ದ ಹಿಮ, ವಿಮಾನ ರದ್ದು. ಇನ್ನು ಸೀಟು ಸಿಗುವುದು ಹಬ್ಬ ಕಳೆದ ಮೇಲೆಯೇ.

“ಅಯ್ಯೋ, ಎಂಥಾ ಅನ್ಯಾಯ!” ಎಂದೆ, ಸಂತಾಪ ಸಭೆಯ ಅಧ್ಯಕ್ಷನ ಧ್ವನಿಯಲ್ಲಿ.

“ಮೊದ್ಲು ಕನ್ನಡೀಲಿ ಮುಖ ನೋಡ್ಕೋ ಹೋಗೋ. ಲಾಟರಿ ಹೊಡ್ದೋನ ಥರ ಇದೆ,” ಎಂದಳು ಅಕ್ಕ. ಆಮೇಲೆ ಸಪ್ಪಗಾದಳು. “ಅಂಗಳದಲ್ಲಿ ನನ್ನ ನೇರಳೆ ಬಣ್ಣದ ಹೂಗಳು ಈಗ್ತಾನೆ ತಲೆ ಎತ್ತಿದ್ವು ಕಣೋ. ಸತ್ತೇ ಹೋಗಿರ್ತವೆ.”

“ಅತ್ತೆ, ಅಪ್ಪ ಸೋ ಹ್ಯಾಪಿ ಲಾ! ಹಗ್ಗ ಆಗ್ಲೇ ಬಿಚ್ತಿದಾರೆ,” ಎಂದು ಮಗಳು ತನ್ನ ಸಿಂಗಾಪುರದ ರಾಗದಲ್ಲಿ ನನ್ನ ಮಾನ ಕಳೆದಳು.

ಹಬ್ಬದ ಬೆಳಿಗ್ಗೆ ಮಣೆ ಎಲ್ಲಿಂದ ಬರಬೇಕು? ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲೇ ಸಿಂಹಾಸನವಾಯಿತು. ಅಕ್ಕ ಎಣ್ಣೆಯ ಬಟ್ಟಲು ಹಿಡಿದು ನನ್ನ ನೆತ್ತಿಯನ್ನು ದೀರ್ಘವಾಗಿ ಪರಿಶೀಲಿಸಿದಳು.

“ಕೂದ್ಲು ಎಲ್ಲೋ?”

“ಬರೋದು ಲೇಟ್ ಮಾಡ್ದೆ ನೀನು.”

ನಗುತ್ತಲೇ ಎಣ್ಣೆ ಇಟ್ಟು, “ನೂರು ವರ್ಷ ಚೆನ್ನಾಗಿರು,” ಎಂದು ತಟ್ಟಿದಳು. ಎಣ್ಣೆ ಹುಬ್ಬಿನ ತನಕ ಇಳಿಯಿತು. ನಡುವೆ ತಡೆಯುವವರಾರೂ ಇರಲಿಲ್ಲ.

ಅಷ್ಟರಲ್ಲಿ ಭಾವನ ವಿಡಿಯೊ ಕಾಲ್. ಅಲ್ಲಿ ಇನ್ನೂ ಹಬ್ಬದ ಹಿಂದಿನ ಸಂಜೆ. ಟೊಪ್ಪಿಯ ಮೇಲೆ ಹಿಮ, ಕೈಯಲ್ಲಿ ಸಲಿಕೆ. ಬಡಪಾಯಿಯ ದೃಷ್ಟಿ ನೇರ ಮಗಳ ತಟ್ಟೆಯ ಮೇಲೆ ಬಿತ್ತು.

“ಅದು ನನ್ನ ಒಬ್ಬಟ್ಟಲ್ವೇನೇ?”

“ಹಾಳಾಗಿದ್ಯಾ ಅಂತ ಚೆಕ್ ಮಾಡ್ತಿದೀನಿ, ಮಾಮ.”

“ಡಬ್ಬಿ ಪೂರ್ತಿ ಚೆಕ್ ಮಾಡ್ಬೇಕಾ?”

ಭಾವ ಫೋನನ್ನು ಅಂಗಳದತ್ತ ತಿರುಗಿಸಿದರು. ದೀಪದ ಬೆಳಕಿನಲ್ಲಿ ಒಂದು ಅಂಗೈಯಗಲ ಹಿಮ ಸರಿಸಿದ್ದರು. ಅಲ್ಲಿ ಪುಟ್ಟ ನೇರಳೆ ಹೂವೊಂದು ಕತ್ತು ಬಾಗಿಸಿ ನಿಂತಿತ್ತು. ಉಳಿದವು ಕಾಣಲಿಲ್ಲ.

ಅಕ್ಕ ಎಣ್ಣೆಗೈಯಲ್ಲೇ ಫೋನನ್ನು ಸವರಿದಳು. “ನಾನು ಬರೋವರ್ಗೂ ಅದಕ್ಕೊಂದು ಬಕೆಟ್ ಮುಚ್ಚಿಡ್ರೀ.”

ಭಾವ ಬಕೆಟ್ ಹುಡುಕಲು ಹೋದರು. ನನ್ನ ಹೆಂಡತಿ ಅವರ ಪಾಲಿನ ಒಬ್ಬಟ್ಟಿಗೆಂದು ಮತ್ತೆ ಬೇಳೆ ಬೇಯಲು ಇಟ್ಟಳು. ನೀರು ಕಾದಿದೆ, ಸ್ನಾನಕ್ಕೇಳಿ ಎಂದು ಎರಡು ಸಲ ಕರೆ ಬಂತು. ಎಣ್ಣೆ ಇನ್ನೂ ಹಿಡಿದಿಲ್ಲವೆಂದು ಸ್ಟೂಲಿನ ಮೇಲೆಯೇ ಕೂತಿದ್ದೆ.