ನಿಜಲಿಂಗಪ್ಪನ ಸುಳ್ಳು ಮಳೆ

ಪುಣೆಯ ಬುಧವಾರ ಪೇಟೆಯಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದ ನಿಜಲಿಂಗಪ್ಪ ಬೈಲಹೊಂಗಲದ ಕಡೆಯವನು. ಹರೆಯದಲ್ಲಿ ಧಾರವಾಡಕ್ಕೆ ಹೋಗಿ ಎರಡು ವರ್ಷ ಹಾಡು ಕಲಿತಿದ್ದ. ಕೊನೆಗೆ ಗುರುಗಳು, "ತಮ್ಮಾ, ನಿನ್ನ ಕಿವಿ ಛಲೋ ಅದ. ಗಂಟಲಕ್ಕ ಬ್ಯಾರೆ ಕೆಲಸ ಹುಡುಕು" ಅಂದರಂತೆ. ಆತ ಗರಗಸ ಹಿಡಿದ. ಅವನ ಗಂಟಲಿಗೂ ಗರಗಸಕ್ಕೂ ಒಂದೇ ದನಿ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಕಿವಿಯ ಯೋಗ್ಯತೆ ಗೊತ್ತಿದ್ದವರು ನಂಬಲಿಲ್ಲ.

೧೯೩೧ರ ಚಳಿಗಾಲ. ನಾನು ವಕೀಲ ದಿಗಂಬರರಾಯರ ಕಾರಕೂನ. ಅವರು ಐದು ಹಳೆಯ ಚಿತ್ರಗಳನ್ನು ನನ್ನ ಕೈಲಿ ಅವನಲ್ಲಿಗೆ ಕಳಿಸಿದರು. ಒಂದೊಂದೂ ಒಂದೊಂದು ರಾಗದ ರೂಪ: ವೀಣೆ ಹಿಡಿದ ತೋಡಿಯ ಸುತ್ತ ಜಿಂಕೆಗಳು, ಕಪ್ಪು ಮೋಡದಡಿ ಕುಣಿಯುವ ಮೇಘ, ಹೀಗೆ. ರಾಯರ ದೃಷ್ಟಿ ದಿನೇ ದಿನೇ ಇಳಿಯುತ್ತಿತ್ತು. ಪೂರ್ತಿ ಕತ್ತಲಾಗುವ ಮುಂಚೆ ಐದನ್ನೂ ಗೋಡೆಯ ಮೇಲೆ ಒಟ್ಟಿಗೆ ನೋಡುವುದೊಂದೇ ಅವರ ಆಸೆ.

ನಿಜಲಿಂಗಪ್ಪನದೊಂದು ನೇಮ. ರಾಗದ ಹೊತ್ತಿನಲ್ಲೇ, ಋತುವಿನಲ್ಲೇ ಆ ರಾಗದ ಚಿತ್ರವನ್ನು ಮುಟ್ಟಬೇಕು. ಬೆಳಿಗ್ಗೆ ಬಿಚ್ಚಿದ ತೋಡಿಯನ್ನು ಬಿಸಿಲೇರಿದೊಡನೆ ಬಟ್ಟೆ ಹೊದಿಸಿ ಮಲಗಿಸುತ್ತಿದ್ದ. ವಸಂತದ ಚಿತ್ರ ಮಾವು ಚಿಗುರುವ ತನಕ ಕಾದಿತು. ವೈಶಾಖಕ್ಕೆ ನಾಲ್ಕು ಮುಗಿದು ಮಳೆಗಾಲದ ರಾಗ ಮೇಘ ಉಳಿಯಿತು.

"ಮಳಿ ಬರಲಿ, ಹಾಕೋಣ್ರಿ."

"ಮಳಿಗಿ ಇನ್ನೂ ತಿಂಗಳ ಅದ. ಅಷ್ಟೊತ್ತಿಗೆ ರಾಯರಿಗೆ ಕಣ್ಣ ಇರಂಗಿಲ್ಲಂತ ಡಾಕ್ಟರು ಹೇಳ್ಯಾರಪಾ!"

ಅವನು ಗಾಜು ಒರೆಸತೊಡಗಿದ. ಒಳಗಿನಿಂದ ಹೆಂಡತಿ ಸಾವಂತ್ರವ್ವ ಹಿಟ್ಟು ಸೋಸುವ ಸಾಣಿಗೆ, ತುಂಬಿದ ಕೊಡ ತಂದಿಟ್ಟಳು.

"ಮಳಿ ಬೇಕಲ್ಲ ಇವರಿಗೆ? ಕಾರಕೂನರ ಕೈ ಖಾಲಿನ ಅದಾವು."

ಹೀಗಾಗಿ ನಡುಹಗಲಲ್ಲಿ, ಧೋತರ ಮೇಲೆ ಕಟ್ಟಿಕೊಂಡು, ಅಂಗಡಿಯ ತಗಡಿನ ಮಾಡಿನ ಮೇಲೆ ಕೂತು ನಾನು ಸಾಣಿಗೆಯಲ್ಲಿ ನೀರು ಸುರಿದೆ. ಎದುರಂಗಡಿಯವನು ತಲೆ ಕೆಟ್ಟಿದೆಯೇ ಎಂದು ಮರಾಠಿಯಲ್ಲಿ ಕೇಳಿದ. ನಾನು ಕೊಡವನ್ನು ಇನ್ನಷ್ಟು ಬಗ್ಗಿಸಿದೆ.

ಕೆಳಗೆ ಮೇಘಕ್ಕೆ ಚೌಕಟ್ಟು ಕೂಡಿಸುತ್ತಿದ್ದ ನಿಜಲಿಂಗಪ್ಪ ಕೂಗಿದ: "ಸಾವಕಾಶ್ರೀ! ಅದು ಆಣಿಕಲ್ಲ ಮಳಿ ಆತು. ಇನ್ನಷ್ಟು ಸಣ್ಣಗ!"

ಸಂಜೆ ರಾಯರು ಗಾಜಿಗೆ ಮೂಗು ತಾಗಿಸಿ ಒಂದೊಂದನ್ನೇ ನೋಡಿದರು. ಮೇಘದ ಮುಂದೆ ಬಹಳ ಹೊತ್ತು ನಿಂತರು. "ಐದೂ ಕಂಡ್ವು" ಎಂದರು, ಅಷ್ಟೇ.

ಜೂನಿನ ಮೊದಲ ಮಳೆಯ ದಿನ ನಿಜಲಿಂಗಪ್ಪ ಕೊಡೆ ಹಿಡಿದು, ಹತ್ಯಾರಗಳೊಡನೆ ರಾಯರ ಮನೆಗೆ ಬಂದ. ಡಾಕ್ಟರರ ಮಾತು ಅಷ್ಟರಲ್ಲಿ ನಿಜವಾಗಿತ್ತು.

"ಅವತ್ತ ಸುಳ್ಳ ಮಳಿಯೊಳಗ ಹಾಕೀನ್ರಿ, ರಾಯರ. ಬಿಚ್ಚಿ ಮತ್ತ ಹಾಕ್ತೀನಿ."

"ಇನ್ನ ಯಾರು ನೋಡಬೇಕೋ?" ಎಂದು ನಾನು ಪಿಸುಗುಟ್ಟಿದೆ. ರಾಯರ ಕಿವಿ ಚುರುಕಾಗಿತ್ತು.

"ಇಲ್ಲೇ ನನ್ನ ಮುಂದ ಕೂತು ಹಾಕಪಾ" ಎಂದರು.

ಹೆಂಚಿನ ಮೇಲೆ ಮಳೆ, ಒಳಗೆ ಸಣ್ಣ ಸುತ್ತಿಗೆ. ರಾಯರು ಎರಡಕ್ಕೂ ಮುಖ ಕೊಟ್ಟು ಕೂತಿದ್ದರು. ಕೊನೆಯ ಮೊಳೆ ಇಳಿದ ಮೇಲೆ ಕೇಳಿದರು:

"ಆ ಸುಳ್ಳ ಮಳಿ ಯಾರು ಸುರಿಸಿದ್ರು?"

ನಿಜಲಿಂಗಪ್ಪ ನನ್ನತ್ತ ಬೆರಳು ತೋರಿಸಿದ. ಆಮೇಲೆ ನೆನಪಾಗಿ ಕೈ ಇಳಿಸಿ, "ಕಾರಕೂನರ್ರಿ" ಎಂದ.

"ಹೌದ? ನನ್ನ ಕಚೇರ್ಯಾಗ ಇವ ಇಷ್ಟು ಛಲೋ ಕೆಲಸ ಒಂದಿನಾನೂ ಮಾಡಲಿಲ್ಲ ನೋಡು."